ನೆರಳು ದಕ್ಷಿಣಕ್ಕೆ ಬೀಳುವ ಊರು

ಗ್ರೀನ್‌ಫರ್ಡ್, ಲಂಡನ್
3 ಆಗಸ್ಟ್ 2024

ಸಪ್ತಸಾಗರಗಳಾಚೆ, ಭೂಮಂಡಲದ ಅಡಿಭಾಗದಲ್ಲಿ ತಲೆಕೆಳಗಾಗಿ ವಿರಾಜಮಾನರಾಗಿರುವ, ಕುರಿಕೋಟಿಗೊಡತಿ, ಸೂಜಿಮದ್ದು ಪ್ರವೀಣೆ, ಸಹೋದರ-ಬ್ಲಾಕ್-ವಿದ್ಯಾವಿಶಾರದೆ, ಕುಂದಾಪುರದ ಕ್ರಾಸ್ತಾ ವಂಶದ ಜ್ಯೇಷ್ಠ ಕುವರಿ ವೆನಿಶಾದೇವಿಯವರ ಸನ್ನಿಧಾನಕ್ಕೆ, ಗ್ರೀನ್‌ಫರ್ಡ್ ಸಂಸ್ಥಾನದ ಪದಚ್ಯುತ ಯುವರಾಜನೂ, ಗೋದಾಮಿನ ಮೂರನೇ ಸಾಲಿನ ರಟ್ಟಿನ ಪೆಟ್ಟಿಗೆಗಳ ಸಾರ್ವಭೌಮನೂ ಆದ ಟ್ರೆವರನು ಮೊಣಕಾಲೂರಿ, ಮೂಗು ನೆಲಕ್ಕೆ ತಾಗಿಸಿ ಮಾಡಿಕೊಳ್ಳುವ ಬಿನ್ನಹವೇನೆಂದರೆ:

ಪಪ್ಪನ ಹುಟ್ಟುಹಬ್ಬಕ್ಕೆ ತಾವು ಜುಲೈಯಲ್ಲಿ ಕಳಿಸಿದ ಕಾರ್ಡು ತಲುಪಿತು. ಒಳಗೆ ಸಹಿಯೊಂದನ್ನು ಬಿಟ್ಟು ಒಂದಕ್ಷರವೂ ಇರಲಿಲ್ಲ. ಆದರೆ ಲಕೋಟೆಯ ಹಿಂದೆ ಆಸ್ಟ್ರೇಲಿಯಾದ ವಾರಾಂಬಿ ಎಂಬ ಊರಿನ ಅಂಚೆಪೆಟ್ಟಿಗೆಯ ನಂಬರಿತ್ತು. ಫೋನ್ ನಂಬರು ಬದಲಾಯಿಸಿ, ಕೆಲಸವನ್ನೂ ಊರನ್ನೂ ಬದಲಾಯಿಸಿ ಮಾಯವಾದ ಮಹಾರಾಣಿ ಇಷ್ಟು ದೊಡ್ಡ ಸುಳಿವು ಬಿಟ್ಟದ್ದು ಮರೆವಿನಿಂದಲೋ ಕರುಣೆಯಿಂದಲೋ ಎಂಬ ಬಗ್ಗೆ ಸಂಸ್ಥಾನದ ಪಂಡಿತರಲ್ಲಿ ಭಿನ್ನಾಭಿಪ್ರಾಯವಿದೆ.

ಮುಂದಿನ ವಿಷಯ. ಪಪ್ಪನಿಗೆ ಹುಷಾರಿಲ್ಲ. ಶ್ವಾಸಕೋಶದಲ್ಲಿ ಗಡ್ಡೆ. ನಮ್ಮ ಜಿಪಿ ಡಾಕ್ಟರು ಕಳಿಸಿದರು, ಆಸ್ಪತ್ರೆಯವರು ನೋಡಿದರು, ಕೊಯ್ದು ತೆಗೆಯುವ ಹಂತ ದಾಟಿದೆ ಅಂದರು. ಇದನ್ನು ಬರೆಯುವಾಗ ನಾನು ನಗುತ್ತಿಲ್ಲ. ನಗುತ್ತಿಲ್ಲ ಎಂದರೆ ನೀನು ನಂಬುವುದಿಲ್ಲ ಎಂದೂ ಗೊತ್ತುಂಟು.

ಈಗ ಬಿನ್ನಹ. ಪಪ್ಪನ ಮಂಚವನ್ನು ಮುಂದಿನ ಕೋಣೆಯ ಕಿಟಕಿಗೆ ತಾಗಿಸಿ ಹಾಕಿದ್ದೇನೆ. ಕಿಟಕಿಯಲ್ಲಿ ಕಾಣುವುದು ಎದುರಿನ ಫ್ಲ್ಯಾಟುಗಳ ಇಟ್ಟಿಗೆ ಗೋಡೆ, ಕೌನ್ಸಿಲ್‌ನ ಕಸದ ತೊಟ್ಟಿಗಳು ಮೂರು. ನಿನ್ನೆ ಕೇಳಿದರು: "ಅವಳು ಇರುವ ಜಾಗ ಹೇಗುಂಟು ಮಾರಾಯ?" ಇಪ್ಪತ್ತೈದು ವರ್ಷ ಸರ್ವೆ ಆಫೀಸಿನಲ್ಲಿ ಊರೂರಿನ ಹೊಲಗದ್ದೆ ಅಳೆದ ಮನುಷ್ಯ. ಅವರಿಗೆ "ಚೆನ್ನಾಗುಂಟು" ಎಂದರೆ ಸಾಕಾಗುವುದಿಲ್ಲ. ಮಣ್ಣು ಯಾವುದು, ಇಳಿಜಾರು ಯಾವ ಕಡೆಗೆ, ನೀರು ಎಲ್ಲಿಂದ, ಬೇಲಿ ಯಾರದು, ಎಲ್ಲ ಬೇಕು. ಮೊದಲು ನೀನು ತಿಂಗಳಿಗೊಂದು ಪತ್ರ ಬರೆಯುತ್ತಿದ್ದೆಯಲ್ಲ, ಹಾಗೆ ಒಂದು ಬರೆ. ಕನ್ನಡದಲ್ಲೇ. ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದ ಮೇಲೆ ಪಪ್ಪ ಅಡುಗೆಮನೆ ಮೇಜಿನಲ್ಲಿ ನಮ್ಮಿಬ್ಬರನ್ನೂ ಕೂರಿಸಿ, ಒಂದು ಪುಟ ಬರೆಯದೆ ಊಟ ಇಲ್ಲ ಅನ್ನುತ್ತಿದ್ದರಲ್ಲ, ಆ ಭಾಷೆಯಲ್ಲಿ.

ಇತಿ ತಮ್ಮ ಪಾದಧೂಳಿ,
ಟ್ರೆವರ್

*

ವಾರಾಂಬಿ
17 ಆಗಸ್ಟ್ 2024

ಟ್ರೆವರ್,

ಪತ್ರ ಸಿಕ್ಕಿತು. ಓದಿದೆ.

ಏಪ್ರಿಲ್ ಒಂದನೇ ತಾರೀಕು ನೀನು ಕಳಿಸಿದ ಮೆಸೇಜು ನನಗೆ ಬಾಯಿಪಾಠ. "ಪಪ್ಪನಿಗೆ ಸೀರಿಯಸ್. ಒಂದೇ ಮಾತು ಕೇಳುತ್ತಿದ್ದಾರೆ, ಅವಳು ಯಾವಾಗ ಬರುತ್ತಾಳೆ ಅಂತ." ಜೊತೆಗೆ ಆಸ್ಪತ್ರೆಯ ಹೆಸರಿನ ಪತ್ರ, ಮೊಹರು, ಸಹಿ. ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ನಿನ್ನ ಸ್ನೇಹಿತ ರೋಹನ ಡಾಕ್ಟರ್ ದನಿಯಲ್ಲಿ ಮಾತಾಡಿದ. ಹದಿನೈದು ವರ್ಷ ನರ್ಸ್ ಆಗಿರುವವಳನ್ನು ಅವನು ನಂಬಿಸಿದ. ಆರುನೂರು ಕಿಲೋಮೀಟರ್ ಕಾರು ಓಡಿಸಿ ಏರ್‌ಪೋರ್ಟಿನಲ್ಲಿ ನಿಂತಾಗ ನಿನ್ನ ಫೋಟೊ ಬಂತು. ಪಪ್ಪ "ಏಪ್ರಿಲ್ ಫೂಲ್" ಅಂತ ಬರೆದ ರಟ್ಟು ಹಿಡಿದುಕೊಂಡು ನಗುತ್ತಿದ್ದರು. ನನ್ನ ಸುತ್ತ ಜನ ಇದ್ದರು. ನಾನು ನೆಲದಲ್ಲಿ ಕೂತು ಅತ್ತೆ.

ನೀನು ತಮಾಷೆ ಮಾಡುತ್ತೀ ಅಂತ ಗೊತ್ತಿತ್ತು. ಪಪ್ಪ ಅದರಲ್ಲಿ ಸೇರುತ್ತಾರೆ ಅಂತ ಗೊತ್ತಿರಲಿಲ್ಲ.

ಇನ್ನೊಂದು ಸಲ ನಾನು ಯಾವ ಆಸ್ಪತ್ರೆಗೂ ಫೋನ್ ಮಾಡುವುದಿಲ್ಲ.

ವೆನಿಶಾ

*

ಗ್ರೀನ್‌ಫರ್ಡ್
29 ಆಗಸ್ಟ್ 2024

ಪರಮಪೂಜ್ಯ ಜ್ಯೇಷ್ಠ ಸಹೋದರಿಯವರಿಗೆ, ಕಟಕಟೆಯಲ್ಲಿ ನಿಂತ ಕನಿಷ್ಠ ಸಹೋದರನ ಹೇಳಿಕೆ.

ಆರೋಪಗಳೆಲ್ಲ ನಿಜ. ಒಂದು ಮಾತ್ರ ಸುಳ್ಳು. ಪಪ್ಪನಿಗೆ ಆ ರಟ್ಟಿನಲ್ಲಿ ಏನು ಬರೆದಿದೆ ಎಂದು ಗೊತ್ತಿರಲಿಲ್ಲ. ಕನ್ನಡಕ ನಾನೇ ಅಡಗಿಸಿದ್ದೆ. "ಅಕ್ಕನಿಗೆ ಈಸ್ಟರ್ ಶುಭಾಶಯ, ಹಿಡಿಯಿರಿ, ನಗಿರಿ" ಅಂದೆ. ಅವರು ನಿನಗೋಸ್ಕರ ನಕ್ಕರು. ನಿನ್ನ ನಂಬರು ಸತ್ತ ಮೇಲೆ ನಾನು ವಿಷಯ ಹೇಳಿದೆ. ಎಂಟು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೇ ತಿಂಗಳಲ್ಲಿ ನಿನ್ನ ಹಳೇ ವಿಳಾಸಕ್ಕೆ ಪತ್ರ ಬರೆದರು, ಅದು ವಾಪಸು ಬಂತು. ಈಗಲೂ ದಿಂಬಿನ ಕೆಳಗೆ ಉಂಟು.

ಇನ್ನು ಹೊಸ ಅಪರಾಧ. ನಿನ್ನ ಪತ್ರವನ್ನು ಓದಿ ಹೇಳಲು ಆಗಲಿಲ್ಲ. ಆದರೆ ಲಕೋಟೆ ಬಂದದ್ದನ್ನು ಅವರು ನೋಡಿದ್ದರು. "ಓದು" ಅಂದರು. ಸರಿ, ನಾನೇ ನಿನ್ನ ಪತ್ರ ಸೃಷ್ಟಿಸಿದೆ. ಅದಕ್ಕೆ ಮುಂಚಿನ ವಾರವೇ, ನೀನು ಬರೆಯದಿದ್ದರೆ ಬೇಕಾಗಬಹುದೆಂದು, ಲೈಬ್ರರಿಯಿಂದ ಆಸ್ಟ್ರೇಲಿಯಾದ ಹಳ್ಳಿಗಾಡಿನ ಬಗ್ಗೆ ಆರು ಪುಸ್ತಕ ತಂದಿದ್ದೆ. ನಾಲ್ಕು ಪದ್ಯ, ಎರಡು ಕಥೆ. ಗೋದಾಮಿನ ಬಿಡುವಿನಲ್ಲಿ ಪೆಟ್ಟಿಗೆಗಳ ಮೇಲೆ ಕೂತು ಓದುತ್ತೇನೆ. ಸೂಪರ್‌ವೈಸರ್ ರಿಚರ್ಡ್, "ಪರೀಕ್ಷೆ ಕಟ್ಟಿದ್ದೀಯಾ?" ಅಂತ ಕೇಳಿದ. ಹೌದು ಅಂದೆ.

ಅಲ್ಲಿಗೆ ಮೊದಲು ಹೋದ ಕವಿಗಳು ಇಂಗ್ಲೆಂಡಿನ ಕನ್ನಡಕ ಹಾಕಿಕೊಂಡೇ ಇಳಿದವರು ಅಂತ ಕಾಣುತ್ತದೆ. ಹಸಿರು ಸರಿಯಾದ ಹಸಿರಲ್ಲ ಅಂತ ಬೇಸರ. ಮರ ಎಲೆಯ ಬದಲು ತೊಗಟೆ ಉದುರಿಸುತ್ತದೆ ಅಂತ ಬೇಸರ. ಆಮೇಲೆ ಅಲ್ಲೇ ಹುಟ್ಟಿದವರು ಬರುತ್ತಾರೆ. ಅವರಿಗೆ ಕುದುರೆ, ಕುರಿ, ಧೂಳು, ಒಬ್ಬ ಗೆಳೆಯ ಸಿಕ್ಕಿದರೆ ಸಾಕು, ಪದ್ಯ ನಾಗಾಲೋಟದಲ್ಲಿ ಓಡುತ್ತದೆ. ಕಥೆಗಾರರದು ಬೇರೆ ರಗಳೆ. ಅವರಿಗೆ ಒಂಟಿ ಮನೆ ಬೇಕು, ಒಂಟಿ ಹೆಂಗಸು ಬೇಕು, ಬಾಗಿಲಲ್ಲಿ ನಾಯಿ ಬೇಕು. ಆ ಹೆಂಗಸಿನ ಜಾಗದಲ್ಲಿ ನಿನ್ನನ್ನು ಇಟ್ಟು ನೋಡಿದೆ. ನಿನಗೆ ನಾಯಿ ಉಂಟಾ?

ಎಲ್ಲರಿಂದಲೂ ಚೂರುಚೂರು ಕದ್ದು ಪಪ್ಪನಿಗೆ ಓದಿದೆ: "ಪ್ರೀತಿಯ ಪಪ್ಪ, ಇಲ್ಲಿ ಬಂಗಾರದ ಬಯಲು, ದೆವ್ವದಂಥ ಬಿಳಿ ಮರಗಳು, ಗದ್ದೆಗಳಲ್ಲಿ ಸಾವಿರ ಕುರಿಗಳು. ಮಧ್ಯಾಹ್ನ ಉತ್ತರದ ವರಾಂಡದ ತಂಪು ನೆರಳಿನಲ್ಲಿ ಕೂತು ಅನಂತವನ್ನು ನೋಡುತ್ತೇನೆ."

ಪಪ್ಪ ಕಣ್ಣು ಮುಚ್ಚಿ ಕೇಳಿದರು. ಆಮೇಲೆ:

"ಗದ್ದೆಯಲ್ಲಿ ಕುರಿಯಾ? ನಾಟಿ ತಿಂದು ಹಾಕುವುದಿಲ್ಲವಾ?"

"ಅಲ್ಲಿಯ ಗದ್ದೆ ಬೇರೆ ಪಪ್ಪ."

"ಉತ್ತರದ ವರಾಂಡದಲ್ಲಿ ಮಧ್ಯಾಹ್ನ ನೆರಳು ಅಂದೆಯಲ್ಲ?"

"ಹೌದು, ತಂಪು ನೆರಳು."

"ಪುತಾ, ಅಲ್ಲಿ ಸೂರ್ಯ ಉತ್ತರದಲ್ಲಿ ಇರುವುದು. ನೆರಳು ದಕ್ಷಿಣಕ್ಕೆ ಬೀಳಬೇಕು. ಉತ್ತರದ ವರಾಂಡದಲ್ಲಿ ಕೂತರೆ ಅವಳು ಕಾದು ಹಪ್ಪಳ ಆಗುತ್ತಾಳೆ. ಇದು ಅವಳು ಬರೆದದ್ದಲ್ಲ. ಇದು ಜಾಗ ನೋಡಿದವರು ಬರೆದದ್ದೇ ಅಲ್ಲ."

ಕವಿಗಳ ತಪ್ಪಲ್ಲ ಅಕ್ಕ, ಅವರ ಪುಸ್ತಕದಲ್ಲಿ ವರಾಂಡ ಸರಿಯಾಗಿಯೇ ಇತ್ತು. ಉತ್ತರಕ್ಕೆ ತಿರುಗಿಸಿದ್ದು ನಾನು.

ಪಪ್ಪ ಬೈಯಲಿಲ್ಲ. ಗೋಡೆ ಕಡೆಗೆ ತಿರುಗಿ ಮಲಗಿದರು. ಅದಕ್ಕಿಂತ ಎರಡು ಬಾರಿಸಿದ್ದರೆ ಒಳ್ಳೆಯದಿತ್ತು.

ಬರೆ ಮಾರಾಯ್ತಿ.

ಟ್ರೆವರ್

*

ಗ್ರೀನ್‌ಫರ್ಡ್
9 ಸೆಪ್ಟೆಂಬರ್ 2024

ಪ್ರೀತಿಯ ಅಕ್ಕನಿಗೆ,

ಉತ್ತರ ಬರುವ ಮೊದಲೇ ಇನ್ನೊಂದು ಬರೆಯುತ್ತಿದ್ದೇನೆ. ಬಿರುದಾವಳಿ ಹುಡುಕಲು ಪುರುಸೊತ್ತಾಗಲಿಲ್ಲ.

ಪಪ್ಪ ಈಗ ಹೆಚ್ಚು ತಿನ್ನುವುದಿಲ್ಲ. ಸೌತ್‌ಹಾಲ್‌ನ ಇಂಡಿಯನ್ ಅಂಗಡಿಗೆ ಹೋಗಿ ಕುಚ್ಚಲಕ್ಕಿ ತಂದು ಗಂಜಿ ಮಾಡಿದೆ. ನಾಲ್ಕು ಚಮಚ. ಮಮ್ಮಿ ಹೋದ ಮೇಲೆ ಈ ಮನೆಯಲ್ಲಿ ಸರಿಯಾದ ಗಂಜಿ ಆದದ್ದೇ ಇಲ್ಲ, ಅದು ನನ್ನ ಕೈಗುಣ ಅಂತ ಸಮಾಧಾನ ಮಾಡಿಕೊಂಡೆ. ಕೆಳಗಿನ ಮನೆಯ ಚಂದ್ರಿಕಾ ಆಂಟಿ ಮಾಡಿ ಕೊಟ್ಟರು. ಅದೂ ನಾಲ್ಕೇ ಚಮಚ.

ನಿನಗೆ ಪುರಾವೆ ಕಳಿಸೋಣವೆಂದು ಕೂತೆ. ಆಸ್ಪತ್ರೆಯ ಪತ್ರ? ಏಪ್ರಿಲ್‌ನಲ್ಲಿ ನಕಲಿ ಮಾಡಿದ್ದೇನೆ. ಫೋಟೊ? ಮಾಡಿದ್ದೇನೆ. ಡಾಕ್ಟರ್ ದನಿ? ಅದೂ ಆಯಿತು. ನಿಜ ಹೇಳಲು ಬೇಕಾದ ಸಾಮಾನುಗಳನ್ನೆಲ್ಲ ನಾನು ಒಂದೇ ದಿನದ ನಗುವಿಗೆ ಖರ್ಚು ಮಾಡಿ ಕೂತಿದ್ದೇನೆ.

ಒಂದು ಪುಟ ಸಾಕು. ನಿನ್ನ ಕಿಟಕಿಯಲ್ಲಿ ಏನು ಕಾಣುತ್ತದೆ, ಅಷ್ಟು.

ಟ್ರೆವರ್

*

ವಾರಾಂಬಿ
14 ಸೆಪ್ಟೆಂಬರ್ 2024

ಟ್ರೆವರ್,

ಆಗಸ್ಟ್ 29ರ ಪತ್ರ ಬಂತು. ಕನ್ನಡಕದ ವಿಷಯ ನಿಜವಾದರೆ ನಾನು ಪಪ್ಪನಿಗೆ ತಪ್ಪು ಮಾಡಿದೆ. ಸುಳ್ಳಾದರೆ ಇದು ನಿನ್ನ ಇನ್ನೊಂದು ಆಟ. ಯಾವುದು ಅಂತ ತೀರ್ಮಾನಿಸುವ ಶಕ್ತಿ ನನಗಿಲ್ಲ. ಕಾಯಿಲೆಯ ಮಾತನ್ನು ನಾನು ನಂಬಿಲ್ಲ. ಈ ಪತ್ರ ಬರೆಯುತ್ತಿರುವುದು ಒಂದೇ ಕಾರಣಕ್ಕೆ: ನನ್ನ ಹೆಸರಿನಲ್ಲಿ ನೀನು ಈ ನೆಲದ ಬಗ್ಗೆ ಸುಳ್ಳು ಹೇಳಬಾರದು.

ಬಂಗಾರದ ಬಯಲು ಇಲ್ಲ. ಮಣ್ಣು ನಮ್ಮ ಮಂಗಳೂರು ಹೆಂಚಿನ ಕೆಂಪು. ಗಾಳಿ ಎದ್ದರೆ ಹೆಂಚಿನ ಕಾರ್ಖಾನೆಯ ವಾಸನೆಯೇ, ಸ್ಟೆತಸ್ಕೋಪಿನ ಕೊಳವೆಯಲ್ಲಿಯೂ ಧೂಳು. ನೆಲದ ಮೇಲೆ ಮೊಣಕಾಲೆತ್ತರದ ಬೂದು ಗಿಡಗಳು, ಎಲೆ ನೆಕ್ಕಿದರೆ ಉಪ್ಪು. ನಿನ್ನ ಪುಸ್ತಕಗಳ ಪ್ಯಾಡಕ್ ಅಂದರೆ ಗದ್ದೆ ಅಲ್ಲ, ತಂತಿ ಬೇಲಿ ಸುತ್ತಿದ ಮೇವಿನ ನೆಲ. ಇಲ್ಲಿಯ ಒಂದರೊಳಗೆ ಕುಂದಾಪುರದಿಂದ ಹೆಮ್ಮಾಡಿಯವರೆಗೆ ಹಾಕಿ ಗೇಟು ಮುಚ್ಚಬಹುದು.

ನನ್ನ ಹಿಂಬಾಗಿಲು ದಕ್ಷಿಣಕ್ಕೆ. ಮಧ್ಯಾಹ್ನದ ನೆರಳು ಅಲ್ಲಿಯೇ. ಮೆಟ್ಟಿಲಿನಿಂದ ನಲವತ್ತು ಹೆಜ್ಜೆಗೆ ತಗಡಿನ ನೀರಿನ ಟ್ಯಾಂಕು. ಅದರ ಎಡಕ್ಕೆ ಗಾಳಿಯಂತ್ರ, ಒಂದು ರೆಕ್ಕೆ ಮುರಿದಿದೆ, ಅದಕ್ಕೆ ಪ್ರತಿ ಸುತ್ತಿಗೂ ಒಮ್ಮೆ ಕೆಮ್ಮುತ್ತದೆ. ಆಮೇಲೆ ಐದು ತಂತಿಯ ಬೇಲಿ. ಬೇಲಿಯಾಚೆ ಒಣಗಿದ ಹಳ್ಳ. ಹಳ್ಳ ಅಂತ ಗೊತ್ತಾಗುವುದು ನೀರಿನಿಂದಲ್ಲ, ಮರಗಳ ಸಾಲಿನಿಂದ. ಮರಗಳು ದೆವ್ವದ ಹಾಗಿಲ್ಲ. ತೊಗಟೆ ಸುಲಿದು ನಿಂತಾಗ ಸುಟ್ಟಗಾಯ ವಾಸಿಯಾದ ಚರ್ಮದ ಹಾಗೆ ಕಾಣುತ್ತವೆ. ಸಂಜೆ ಗುಲಾಬಿ ಎದೆಯ ಗಿಳಿಗಳು ಬಂದು ಕಿರುಚುತ್ತವೆ. ನಿನ್ನ ಕವಿಗಳು ಅದನ್ನು ಹಾಡು ಅಂದಿದ್ದರೆ ಅವರ ಕಿವಿ ಡಾಕ್ಟರಿಗೆ ತೋರಿಸಬೇಕು.

ನಮ್ಮ ಕ್ಲಿನಿಕ್ಕಿಗೆ ಒಬ್ಬ ಅಜ್ಜಿ ಬರುತ್ತಾರೆ. ಅವರ ಜನ ಇಲ್ಲಿಗೆ ಎಲ್ಲರಿಗಿಂತ ಮೊದಲಿನವರು. ಗಾಯಕ್ಕೆ ಪಟ್ಟಿ ಕಟ್ಟುವಾಗ ಕೇಳಿದೆ, "ಆ ಗುಡ್ಡದ ಆಚೆ ಹೇಗಿದೆ?" ಅವರು ಬಣ್ಣ ಹೇಳಲಿಲ್ಲ, ಅಂದ ಹೇಳಲಿಲ್ಲ. ಆ ಗುಡ್ಡ ಆದಮೇಲೆ ಯಾವ ಬಂಡೆ, ಬಂಡೆ ಆದಮೇಲೆ ಎಲ್ಲಿ ನೀರು, ಆ ನೀರಿನ ಹತ್ತಿರ ಯಾರು ಹುಟ್ಟಿದರು, ಸಾಲಾಗಿ ಹೇಳಿದರು. "ನಮ್ಮಮ್ಮ ಇದನ್ನು ಹಾಡುತ್ತಿದ್ದಳು. ಸಾಲು ತಪ್ಪಿದರೆ ನೀರು ತಪ್ಪುತ್ತದೆ" ಅಂದರು. ನಾನು ಇಲ್ಲಿ ಕೇಳಿದ್ದರಲ್ಲಿ ಅದೊಂದೇ ನನಗೆ ಈ ನೆಲದ ಪದ್ಯ ಅನಿಸಿದ್ದು.

ನಾಯಿ ಇಲ್ಲ.

ವೆನಿಶಾ

*

ಗ್ರೀನ್‌ಫರ್ಡ್
28 ಸೆಪ್ಟೆಂಬರ್ 2024

ಅಕ್ಕ,

ನಿನ್ನೆ ಬಂತು. ಎರಡು ಸಲ ಓದಿ ಹೇಳಿದೆ.

ಅಜ್ಜಿಯ ಹಾಡಿನ ಜಾಗಕ್ಕೆ ಬಂದಾಗ ಪಪ್ಪ ಬೆರಳೆತ್ತಿದರು. "ಅದೇ ಸರ್ವೆ," ಅಂದರು. "ನಾವು ಅಳತೆಯ ಚೈನಿನಲ್ಲಿ ಮಾಡಿದ್ದನ್ನು ಅವರು ಬಾಯಲ್ಲಿ ಮಾಡಿದ್ದಾರೆ. ಕಾಗದ ಕಳೆದುಹೋದರೂ ನೆಲ ಕಳೆಯುವುದಿಲ್ಲ." ಆಮೇಲೆ ಗಾಳಿಯಂತ್ರ ಎಷ್ಟು ಎತ್ತರ ಅಂತ ಕೇಳಿದರು. ಹಳ್ಳ ಯಾವ ಕಡೆಗೆ ಹರಿಯುತ್ತದೆ, ನೀನು ಬರೆದಿಲ್ಲ ಅಂದರು.

ಮತ್ತೆ ಪೆನ್ಸಿಲ್ ಕೇಳಿದರು. ಅವರ ಹಳೇ ಗಟ್ಟಿ ಪೆನ್ಸಿಲ್, ಸರ್ವೆ ಆಫೀಸಿನದು. ಔಷಧದ ಚೀಟಿಯ ಹಿಂದೆ ನಿನ್ನ ಜಾಗದ ನಕ್ಷೆ ಬರೆದರು. ನಲವತ್ತು ನಿಮಿಷ ಹಿಡಿಯಿತು. ಮುಟ್ಟಲು ಬಿಡಲಿಲ್ಲ. ಅದನ್ನು ಇದರ ಜೊತೆ ಇಟ್ಟಿದ್ದೇನೆ. ಹಿಂಬಾಗಿಲು, ಮೆಟ್ಟಿಲು, ಟ್ಯಾಂಕು, ಗಾಳಿಯಂತ್ರ, ಬೇಲಿ, ಮರದ ಸಾಲು. ಮೂಲೆಯಲ್ಲಿ ಉತ್ತರದ ಬಾಣ, ಬಾಲಕ್ಕೆ ಅವರ ಮಾಮೂಲಿ ಅಡ್ಡಗೆರೆ ಹಾಕಿ. ಹಳ್ಳಕ್ಕೆ ಬಾಣ ಹಾಕಿಲ್ಲ. ನೀನು ಹೇಳಿದ ಮೇಲೆ ಹಾಕುತ್ತಾರಂತೆ.

ಈಗ ಆಸ್ಪತ್ರೆಯಲ್ಲಿದ್ದಾರೆ. ಹನ್ನೆರಡನೇ ತಾರೀಕಿನಿಂದ. ಇದನ್ನು ಮೊದಲೇ ಬರೆಯಬೇಕಿತ್ತು. ಬರೆದರೆ ಮತ್ತೆ ಏಪ್ರಿಲ್‌ನ ಆಟದ ಹಾಗೆ ಕಾಣುತ್ತದೆ ಅಂತ ಸುಮ್ಮನಿದ್ದೆ.

ಹಳ್ಳ ಯಾವ ಕಡೆಗೆ ಹರಿಯುತ್ತದೆ ಅಂತ ಬೇಗ ತಿಳಿಸು. ದಯವಿಟ್ಟು. ಬೇಗ.

ಟ್ರೆವರ್

*

ವಾರಾಂಬಿ
9 ಅಕ್ಟೋಬರ್ 2024

ಟ್ರೆವರ್,

ಕೊರಿಯರ್‌ನಲ್ಲಿ ಕಳಿಸುತ್ತಿದ್ದೇನೆ. ನಾನು ಬರುವ ಮೊದಲು ತಲುಪಬಹುದು.

ನಕ್ಷೆಯನ್ನು ಮಧ್ಯಾಹ್ನದ ಬೆಳಕಿಗೆ ಹಿಡಿದು ನೋಡಿದೆ. ಬೇಲಿಯ ಗೆರೆ. ಪಪ್ಪ ಸ್ಕೇಲು ಇಲ್ಲದೆ ಎಳೆದ ಗೆರೆಗೆ ಸ್ಕೇಲು ಇಟ್ಟು ನೋಡುವುದು ನಮ್ಮಿಬ್ಬರ ಆಟವಾಗಿತ್ತಲ್ಲ, ಒಂದು ಸಲವೂ ಅವರು ಸೋಲಲಿಲ್ಲ. ಈ ಗೆರೆ ಟ್ಯಾಂಕಿನಿಂದ ಗಾಳಿಯಂತ್ರದವರೆಗೆ ಹೋಗುವಷ್ಟರಲ್ಲಿ ಹನ್ನೊಂದು ಸಲ ನಡುಗಿದೆ. ನಾನು ಎಣಿಸಿದೆ. ಇಂಥ ಕೈಗಳನ್ನು ದಿನಾ ಹಿಡಿಯುತ್ತೇನೆ, ಆ ನಡುಕ ಎಂಥದ್ದು ಅಂತ ನನಗೆ ಗೊತ್ತು. ನೀನು ಮೊಹರು ಮಾಡುತ್ತೀ, ಸಹಿ ಮಾಡುತ್ತೀ, ಡಾಕ್ಟರನ್ನೇ ಮಾಡುತ್ತೀ. ಈ ನಡುಕವನ್ನು ಮಾಡಲು ನಿನ್ನಿಂದಾಗುವುದಿಲ್ಲ.

ಆಸ್ಪತ್ರೆಯ ನಂಬರನ್ನು ನಾನೇ ಹುಡುಕಿ ಫೋನ್ ಮಾಡಿದೆ. ಶೈನಿ ಅನ್ನುವ ವಾರ್ಡ್ ನರ್ಸ್, ನಮ್ಮ ಉಡುಪಿ ಕಡೆಯವಳು, ಎಲ್ಲ ಹೇಳಿದಳು. ಹದಿನೇಳನೇ ತಾರೀಕು, ಗುರುವಾರ, ಮಧ್ಯಾಹ್ನ ಹೀಥ್ರೋದಲ್ಲಿ ಇಳಿಯುತ್ತೇನೆ. ಚೀಲ ಮನೆಯಲ್ಲಿಟ್ಟು ನೇರ ಆಸ್ಪತ್ರೆಗೆ. ನೀನು ಅವರ ಪಕ್ಕ ಬಿಟ್ಟು ಕದಲಬೇಡ.

ಹಳ್ಳ ಪಶ್ಚಿಮಕ್ಕೆ ಹರಿಯುತ್ತದೆ. ಹರಿದಾಗ. ನಾನು ಬಂದು ಸಾವಿರ ದಿನವಾದರೂ ಆಗಿರಬೇಕು ಅನಿಸುತ್ತದೆ, ಆದದ್ದು ಐದೇ ತಿಂಗಳು. ಒಮ್ಮೆಯೂ ನೀರು ನೋಡಿಲ್ಲ. ಕ್ಲಿನಿಕ್ಕಿನ ಅಜ್ಜಿ ಹೇಳಿದ್ದು ಪಶ್ಚಿಮಕ್ಕೆ ಅಂತ. ಪಪ್ಪನಿಗೆ ಹೇಳು, ಅವರು ಬಾಣ ಹಾಕಲಿ.

ಅಕ್ಕ

*

ಗ್ರೀನ್‌ಫರ್ಡ್
17 ಅಕ್ಟೋಬರ್ 2024, ಬೆಳಿಗ್ಗೆ

ಅಕ್ಕಾ,

ಬೀಗದ ಕೈ ಚಂದ್ರಿಕಾ ಆಂಟಿಯ ಹತ್ತಿರ ಅಂತ ಶೈನಿ ನಿನಗೆ ಹೇಳಿರಬೇಕು. ಈ ಪತ್ರವನ್ನು ಅಡುಗೆಮನೆ ಮೇಜಿನಲ್ಲಿ, ನಿನ್ನ ಭಾನುವಾರದ ಜಾಗದಲ್ಲಿ ಇಟ್ಟು ಹೋಗುತ್ತಿದ್ದೇನೆ. ಲಿಫ್ಟ್ ಕೆಟ್ಟಿದೆ, ನಿನ್ನ ಚೀಲ ಕೆಳಗೇ ಇರಿಸಿಕೊಳ್ಳಲು ಆಂಟಿಗೆ ಹೇಳಿದ್ದೇನೆ. ಫ್ಲಾಸ್ಕಿನಲ್ಲಿ ಗಂಜಿ ಉಂಟು, ಆಂಟಿ ಮಾಡಿದ್ದು, ಹೆದರಬೇಡ. ಎರಡು ಚಮಚ ತಿಂದೇ ಹೊರಡು.

ಪಪ್ಪ ಇದ್ದಾರೆ. ಹೆಚ್ಚು ಹೊತ್ತು ನಿದ್ದೆ. ನೀನು ಬರುತ್ತೀ ಅಂತ ಕಿವಿಯಲ್ಲಿ ಹೇಳಿದೆ. "ಯಾವಾಗ?" ಅಂದರು. ಗುರುವಾರ ಅಂದೆ. ಸ್ವಲ್ಪ ಹೊತ್ತಿಗೆ ಮತ್ತೆ "ಯಾವಾಗ?" ಅಂದರು.

ನೀನು ಅಲ್ಲಿಗೆ ಬಂದಮೇಲೆ ಹೇಳಲು ನನ್ನಿಂದಾಗುವುದಿಲ್ಲ, ಅದಕ್ಕೆ ಇಲ್ಲಿ ಹೇಳುತ್ತಿದ್ದೇನೆ. ಜಾಗ ಹೇಗುಂಟು ಅಂತ ಪಪ್ಪ ಕೇಳಿದ್ದು ಆಗಸ್ಟಿನಲ್ಲಿ, ಒಂದೇ ಒಂದು ಸಲ. ವರಾಂಡದ ತಪ್ಪು ಹಿಡಿದದ್ದೂ ನಿಜ. ಆ ದಿನದಿಂದ ಇವತ್ತಿನವರೆಗೆ ಅವರು ಕೇಳಿದ್ದು ಒಂದೇ ಮಾತು, ಅವಳು ಯಾವಾಗ ಬರುತ್ತಾಳೆ. ಆ ಮಾತನ್ನು ನಿನಗೆ ಬರೆಯುವ ಹಾಗಿರಲಿಲ್ಲ. ಅಕ್ಷರವೂ ಬಿಡದ ಹಾಗೆ ಅದನ್ನೇ ಏಪ್ರಿಲ್ ಒಂದಕ್ಕೆ ಬರೆದು ಮುಗಿಸಿದ್ದೆ. ಅದಕ್ಕೆ ಮಣ್ಣು ಕೇಳಿದೆ, ಬೇಲಿ ಕೇಳಿದೆ, ಹಳ್ಳ ಯಾವ ಕಡೆಗೆ ಅಂತ ಕೇಳಿದೆ. ಆರು ಪುಸ್ತಕದ ಕವಿಗಳೂ ಹೀಗೇ ಏನೋ, ಹೇಳಲಾಗದ್ದು ಬೇರೆ ಇದ್ದು ಮರದ ತೊಗಟೆಯ ಬಗ್ಗೆ ಬರೆದರೋ ಏನೋ, ನನಗೆ ಗೊತ್ತಿಲ್ಲ. "ಅದೇ ಸರ್ವೆ" ಅಂದದ್ದು ಪಪ್ಪ ಅಲ್ಲ, ನಾನು. ಅವರು ನಿನ್ನ ಪತ್ರ ಕೇಳುತ್ತ ನಿದ್ದೆ ಹೋಗಿದ್ದರು. ನಿನ್ನ ಹೆಸರು ಬಂದಾಗ ಮಾತ್ರ ಒಮ್ಮೆ ಕಣ್ಣು ತೆರೆದರು.

ನಕ್ಷೆಯೂ ನನ್ನದೇ ಅಕ್ಕ. ಸೆಪ್ಟೆಂಬರ್ ಮೊದಲ ವಾರದಿಂದ ಅವರ ಕೈಯಲ್ಲಿ ಪೆನ್ಸಿಲ್ ನಿಲ್ಲುವುದಿಲ್ಲ. ಗೆರೆ ನಡುಗಿದರೆ ನೀನು ನಂಬುತ್ತೀ ಅಂತ ಗೊತ್ತಿತ್ತು. ಆಸ್ಪತ್ರೆಗೆ ಹೋಗುವ ಬಸ್ಸು ಹತ್ತಿ, ಮೇಲಿನ ಮಹಡಿಯಲ್ಲಿ ಮುಂದಿನ ಸೀಟಿನಲ್ಲಿ ಕೂತು, ತೊಡೆಯ ಮೇಲೆ ಕಾಗದ ಇಟ್ಟುಕೊಂಡೆ. ಆ ದಾರಿಯುದ್ದಕ್ಕೂ ಗುಂಡಿ, ಹಂಪು ಇರುತ್ತವೆ. ಕೈಗೆ ಬೇಕಾದಷ್ಟು ನಡುಕವನ್ನು ರಸ್ತೆಯೇ ಕೊಡಲಿ ಅಂತ ನನ್ನ ಉಪಾಯ. ಬೇಲಿ ಎಳೆದೆ, ಮರದ ಸಾಲು ಎಳೆದೆ, ಉತ್ತರದ ಬಾಣ ಹಾಕಿದೆ. ಹನ್ನೊಂದು ನಡುಕ, ನೀನು ಎಣಿಸಿದ್ದು ಸರಿ. ಎಲ್ಲ ಮುಗಿಸಿ ತಲೆಯೆತ್ತಿ ನೋಡಿದೆ.

ಇನ್ನೊಬ್ಬ ಡ್ರೈವರ್ ಬರುವವರೆಗೆ ನಿಲ್ಲಿಸಿದ್ದರಂತೆ. ನಾನು ಹತ್ತಿದಾಗಿನಿಂದ ಬಸ್ಸು ಸ್ಟಾಪ್ ಬಿಟ್ಟು ಕದಲಿರಲೇ ಇಲ್ಲ.

ಟ್ರೆವರ್